ಮನೆಯೊಳಗೆ ಹಾದ ಗಡಿ: ‘ಗರಂ ಹವಾ’ ಚಿತ್ರವನ್ನು ಕುರಿತು

1947ರಲ್ಲಿ ದೇಶ ಇಬ್ಭಾಗವಾದಾಗ ಭೂಪಟದ ಮೇಲೆ ಎಳೆದ ಗೆರೆ ಎಷ್ಟೋ ಸಂಸಾರಗಳ ನಡುವೆಯೂ ಹಾದುಹೋಯಿತು. ಅದು ಹೇಗೆಂಬುದನ್ನು ತಿಳಿಯಬಯಸುವ ಓದುಗ ಬಾಂಧವರು 1973ರಲ್ಲಿ ಸಿದ್ಧವಾದ ‘ಗರಂ ಹವಾ’ ಎಂಬ ಚಿತ್ರವನ್ನು ನೋಡಬೇಕು. ಇಸ್ಮತ್ ಚುಗ್ತಾಯಿಯವರ ಕಥೆಯನ್ನು ಆಧರಿಸಿದ ಇದನ್ನು ನಿರ್ದೇಶಿಸಿದವರು ನಮ್ಮ ಮೈಸೂರಿನವರೇ ಆದ ಶ್ರೀ ಎಂ. ಎಸ್. ಸತ್ಯು.

ಕಥೆ ನಡೆಯುವುದು ಆಗ್ರಾದಲ್ಲಿ, ಗಾಂಧೀಜಿಯವರ ಹತ್ಯೆಯ ತರುವಾಯ. ಸಲೀಂ ಮಿರ್ಜಾ ಪಾದರಕ್ಷೆ ತಯಾರಿಸುವ ವ್ಯಾಪಾರಿ. ಹುಟ್ಟಿದ ಊರು ಬಿಡಲು ಆತನಿಗೆ ಇಷ್ಟವಿಲ್ಲ. ಆದರೆ ಅಣ್ಣ ಪಾಕಿಸ್ತಾನಕ್ಕೆ ಹೊರಟುಹೋಗುತ್ತಾನೆ; ಮನೆ ಇರುವುದು ಅಣ್ಣನ ಹೆಸರಿನಲ್ಲಿ. ಹಾಗೆ ಹೋದವರ ಆಸ್ತಿಯನ್ನು ಸರಕಾರ ವಶಕ್ಕೆ ತೆಗೆದುಕೊಂಡು, ಅತ್ತಣಿಂದ ಬಂದ ನಿರಾಶ್ರಿತರಿಗೆ ಕೊಡುತ್ತಿದ್ದ ಕಾಲವದು. ಉಳಿದವನು ಮನೆ ಕಳೆದುಕೊಳ್ಳುತ್ತಾನೆ. ಇವನೂ ಒಂದು ದಿನ ಓಡಿಹೋದಾನೆಂದು ಸಾಲ ಕೊಡುವವರಿಲ್ಲ. ಜಾತಿ ಕೇಳಿದ ಮೇಲೆ ಬಾಡಿಗೆಗೆ ಮನೆ ಕೊಡುವವರಿಲ್ಲ.

ನಮ್ಮಲ್ಲಿಯೂ ಖೋಲಿಗಾಗಿ ಅಲೆದವರು ಅನೇಕರಿದ್ದಾರೆ. ಆದರೆ ನಮಗೆ ಹಿಂದಿರುಗಲು ಊರೊಂದಿದೆ. ಮಿರ್ಜಾ ಮನೆ ಹುಡುಕುವುದು ತನ್ನ ಊರಿನಲ್ಲಿಯೇ!

ಒಂದೇ ಕಷ್ಟಕ್ಕೆ ಮೂರು ತಲೆಮಾರು ಮೂರು ಉತ್ತರ ಕೊಡುತ್ತದೆ. ಮದುವೆಯಾಗಿ ಬಂದ ಮನೆಯನ್ನು ಬಿಡಲೊಲ್ಲದ ಮುದುಕಿ ತಾಯಿ ಸೌದೆ ಇಡುವ ಗೂಡಿನಲ್ಲಿ ಅವಿತುಕೊಳ್ಳುತ್ತಾಳೆ. ಕೊನೆಯುಸಿರಿಗಾಗಿ ಆಕೆಯನ್ನು ಮತ್ತೆ ಅದೇ ಮನೆಗೆ ಹೊತ್ತು ತರುತ್ತಾರೆ. ಮಿರ್ಜಾ ದೇವರ ಮೇಲೆ ಭಾರ ಹಾಕಿ ಸಹಿಸುತ್ತಾನೆ. ಹಿರಿಯ ಮಗ, ಕಾಲ ಬದಲಾದರೂ ಅಪ್ಪ ಬದಲಾಗಲಿಲ್ಲವೆಂದು ಬೇಸತ್ತು ದೇಶ ಬಿಡುತ್ತಾನೆ. ಕಿರಿಯವನು ಸಿಕಂದರ್, ಪದವೀಧರ, ನಿರುದ್ಯೋಗಿ. ಕೆಲಸವಿಲ್ಲದಿರುವುದು ತನ್ನೊಬ್ಬನ ಗೋಳಲ್ಲ, ಆದ್ದರಿಂದ ಇಲ್ಲಿಯೇ ನಿಂತು ಎಲ್ಲರೊಡನೆ ಹೋರಾಡಬೇಕೆಂದು ಅವನ ವಾದ. ಇವರೆಲ್ಲರ ನಡುವೆ ಸಿಕ್ಕಿ ನಲುಗಿದವಳು ಮಗಳು ಅಮೀನಾ. ಮದುವೆಯಾಗಬೇಕಿದ್ದ ಇಬ್ಬರೂ ಒಬ್ಬರ ನಂತರ ಒಬ್ಬರು ಗಡಿಯಾಚೆ ಉಳಿದುಬಿಟ್ಟಾಗ ಅವಳು ಪ್ರಾಣ ಕಳೆದುಕೊಳ್ಳುತ್ತಾಳೆ.

ಕಡೆಗೆ ಮಿರ್ಜಾ ಸಹ ಟಾಂಗಾ ಏರಿ ಸ್ಟೇಷನ್ನಿಗೆ ಹೊರಡುತ್ತಾನೆ. ದಾರಿಯಲ್ಲಿ ಉದ್ಯೋಗ ಕೇಳುವವರ ಮೆರವಣಿಗೆ ಎದುರಾಗುತ್ತದೆ. ಮಗ ಇಳಿಯುತ್ತಾನೆ, ತಂದೆ ತಡೆಯುವುದಿಲ್ಲ. ಹೆಂಡತಿಯನ್ನು ಮನೆಗೆ ಕಳುಹಿಸಿ ತಾನೂ ಅವನ ಹಿಂದೆ ನಡೆಯುತ್ತಾನೆ. ಹಿರಿಯನು ಕಿರಿಯನಿಂದ ಕಲಿತರೆ ಅವನ ಗೌರವಕ್ಕೆ ಕುಂದಿಲ್ಲವೆಂಬುದೇ ಈ ಚಿತ್ರದ ತಿರುಳೆಂದು ನಾವು ಭಾವಿಸುತ್ತೇವೆ.

ಮಿರ್ಜಾ ಪಾತ್ರ ವಹಿಸಿದ ಬಲರಾಜ್ ಸಾಹನಿ ತಾವೇ ರಾವಳಪಿಂಡಿಯ ಮನೆ ಕಳೆದುಕೊಂಡವರು. ಚಿತ್ರ ತೆರೆಗೆ ಬರುವ ಮೊದಲೇ, 1973ರ ಏಪ್ರಿಲ್‌ನಲ್ಲಿ, ತೀರಿಕೊಂಡರು. ಗಲಭೆಯಾದೀತೆಂದು ಸೆನ್ಸಾರಿನವರು ತಿಂಗಳುಗಟ್ಟಲೆ ತಡೆಹಿಡಿದಿದ್ದ ಈ ಚಿತ್ರ ಮೊದಲು ತೆರೆ ಕಂಡದ್ದು ಬೆಂಗಳೂರಿನಲ್ಲಿ. ಆಮೇಲೆ ಅದಕ್ಕೇ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಬಂದಿತು.

ಸಾಧ್ಯವಾದರೆ ತಂದೆ-ಮಕ್ಕಳು ಒಟ್ಟಿಗೆ ಕುಳಿತು ನೋಡಿರಿ. ನೋಡಿದ ಮೇಲೆ ಮಕ್ಕಳು ಏನೆನ್ನುತ್ತಾರೆಂದು ಕೇಳಿರಿ.