ಸಮವಸ್ತ್ರ ಮತ್ತು ಸಮಾನತೆ

ಶಾಲೆಗಳಲ್ಲಿ ಸಮವಸ್ತ್ರ ಕಡ್ಡಾಯವಾಗಿರಬೇಕೇ? ಇರಬೇಕೆಂದೇ ನಮ್ಮ ಅಭಿಪ್ರಾಯ. ಆದರೆ ಕಡ್ಡಾಯ ಮಾಡುವವರು ಅದನ್ನು ಒದಗಿಸುವ ಹೊಣೆಯನ್ನೂ ಹೊರಬೇಕು.

ಸಮವಸ್ತ್ರದ ಇತಿಹಾಸವೇ ಇದಕ್ಕೆ ಸಾಕ್ಷಿ. 1552ರಲ್ಲಿ ಲಂಡನ್ನಿನ ಬಡಮಕ್ಕಳಿಗಾಗಿ ಸ್ಥಾಪನೆಗೊಂಡ ಕ್ರೈಸ್ಟ್ಸ್ ಹಾಸ್ಪಿಟಲ್ ಶಾಲೆಯ ನೀಲಿ ನಿಲುವಂಗಿ ಅತಿ ಹಳೆಯ ಸಮವಸ್ತ್ರಗಳಲ್ಲೊಂದು. ಅದು ಉಡಲಿಲ್ಲದವರಿಗೆ ಶಾಲೆಯೇ ಉಡಿಸಿದ ಬಟ್ಟೆ. ನಮ್ಮ ಸರಕಾರಿ ಶಾಲೆಗಳಲ್ಲಿಯೂ ಸಮವಸ್ತ್ರ ಉಚಿತ. ಅನೇಕ ಖಾಸಗಿ ಶಾಲೆಗಳಲ್ಲಾದರೋ ಟೈ, ಬೆಲ್ಟು, ಶೂ, ಸಾಲದ್ದಕ್ಕೆ ಶನಿವಾರಕ್ಕೆಂದು ಬೇರೆ ಬಿಳಿಯ ಉಡುಪು! ಕೂಲಿಯ ತಂದೆ ಒಂದೇ ಜೊತೆ ಹೊಲಿಸುತ್ತಾನೆ. ಕರಾವಳಿಯ ಜೂನ್ ಮಳೆಗೆ ಅದು ಒಣಗುವುದಿಲ್ಲ. ರಾತ್ರಿಯಿಡೀ ಒಲೆಯ ಬಳಿ ಹರವಿದ ಅಂಗಿಯನ್ನು, ಹೊಗೆಯ ವಾಸನೆಯೊಡನೆ, ಹಸಿಯಾಗಿಯೇ ತೊಟ್ಟು ಮಗು ಶಾಲೆಗೆ ಬರುತ್ತದೆ. ಬಣ್ಣದಂಗಿಯಲ್ಲಿ ಬಂದರೆ ತರಗತಿಯ ಹೊರಗೆ ನಿಲ್ಲಬೇಕು. ಬಡತನವನ್ನು ಮರೆಸಬೇಕಾದ ಬಟ್ಟೆ ಅದನ್ನು ಸಾರಿದಂತಾಗಲಿಲ್ಲವೇ? ಒಳ್ಳೆಯ ಉಡುಪಿನವನಿಗೆ ಪೀಠ, ಕೊಳಕು ಬಟ್ಟೆಯವನಿಗೆ ನೆಲ ಎಂಬ ನಡತೆಯನ್ನು ಸಂತ ಯಕೋಬರು ತಮ್ಮ ಪತ್ರದಲ್ಲಿ ಖಂಡಿಸಿದ್ದು ದೇವಾಲಯಕ್ಕಷ್ಟೇ ಅನ್ವಯಿಸುವುದೆಂದು ನಾವು ಭಾವಿಸಿಲ್ಲ.

ಆದುದರಿಂದ ಶಾಲೆಯವರು ಅಂಗಿ ಒದಗುವತನಕ ಮಗುವನ್ನು ಒಳಗೇ ಕುಳ್ಳಿರಿಸಲಿ. ಕುಟುಂಬಗಳಲ್ಲಿ ನಮ್ಮ ವಿನಂತಿಯಿಷ್ಟೇ: ನಿಮ್ಮ ಮಕ್ಕಳಿಗೆ ಗಿಡ್ಡವಾದ ಸಮವಸ್ತ್ರಗಳನ್ನು ಮೇ ತಿಂಗಳೊಳಗೆ ಒಗೆದು, ಇಸ್ತ್ರಿ ಮಾಡಿ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರಿಗೆ ಒಪ್ಪಿಸಿರಿ. ಗುಂಡಿ ಬಿದ್ದಿದ್ದರೆ ಹೊಲಿದೇ ಕೊಡಿರಿ.