ಮಿಚ್ಪಾ: ಇಬ್ಬರ ನಡುವೆ ದೇವರ ಕಾವಲು



ಪವಿತ್ರ ಬೈಬಲಿನಲ್ಲಿ ಬರುವ ಊರುಗಳ ಹೆಸರುಗಳಲ್ಲಿ ಅನೇಕವು ಬರೀ ಗುರುತಿಗಾಗಿ ಇಟ್ಟವುಗಳಲ್ಲ. ಬೇತೇಲ್ ಎಂದರೆ ದೇವರ ಮನೆ. ಬೆತ್ಲೆಹೇಮ್ ಎಂದರೆ ರೊಟ್ಟಿಯ ಮನೆ. ಇವು ನಮಗೆ ಚಿರಪರಿಚಿತ. ಅಷ್ಟಾಗಿ ಪರಿಚಯವಿಲ್ಲದ ಇನ್ನೊಂದು ಹೆಸರು ಮಿಚ್ಪಾ. 'ಕಣ್ಣಿಟ್ಟು ಕಾಯುವುದು' ಎಂಬ ಅರ್ಥದ ಹೀಬ್ರೂ ಧಾತುವಿನಿಂದ ಬಂದ ಈ ಪದಕ್ಕೆ 'ಕಾವಲು ಕಾಯುವ ಎತ್ತರದ ಸ್ಥಳ' ಎಂದರ್ಥ.

19ನೇ ಶತಮಾನದ ಇಂಗ್ಲೆಂಡಿನಲ್ಲಿ, ದೂರವಾಗಲಿರುವ ಪ್ರೇಮಿಗಳು ಈ ಪದವನ್ನು ಕೆತ್ತಿಸಿದ ಆಭರಣಗಳನ್ನು ಉಡುಗೊರೆ ಕೊಡುತ್ತಿದ್ದರು. ನಾವು ಅಗಲಿರುವಾಗ ದೇವರು ಇಬ್ಬರನ್ನೂ ಕಾಯಲಿ ಎಂಬುದು ಅವರ ಹಾರೈಕೆ. ಆದರೆ ಆದಿಕಾಂಡದ 31ನೇ ಅಧ್ಯಾಯವನ್ನು ಓದಿದರೆ ಆಶ್ಚರ್ಯವಾಗುತ್ತದೆ. ಈ ಮಾತು ಹುಟ್ಟಿದ್ದು ಪ್ರೀತಿಯಿಂದಲ್ಲ, ಮಾವ ಅಳಿಯರ ಜಗಳದಿಂದ!

ಯಕೋಬನು ಸೋದರಮಾವ ಲಾಬಾನನ ಮನೆಯಲ್ಲಿ 20 ವರ್ಷ ದುಡಿದನು: ಅವನ ಇಬ್ಬರು ಹೆಣ್ಣುಮಕ್ಕಳಿಗಾಗಿ 14 ವರ್ಷ, ಆಡುಕುರಿಗಳಿಗಾಗಿ 6 ವರ್ಷ. ಮಾವ ಹತ್ತು ಸಲ ಸಂಬಳ ಬದಲಾಯಿಸಿದ ಎಂಬುದು ಯಕೋಬನ ದೂರು. ಅಪ್ಪ ನಮ್ಮನ್ನು ಮಾರಿ ಆ ಹಣವನ್ನೂ ತಿಂದುಬಿಟ್ಟ ಎಂದು ಲೇಯಾ, ರಾಖೇಲರು ನೊಂದಿದ್ದರು. ಕೊನೆಗೆ ಯಕೋಬನು ಮಾವನಿಗೆ ಹೇಳದೆ ಹೆಂಡಿರು ಮಕ್ಕಳೊಂದಿಗೆ ಹೊರಟುಬಿಟ್ಟನು. ರಾಖೇಲಳು ತಂದೆಯ ಮನೆದೇವರ ವಿಗ್ರಹಗಳನ್ನೇ ಕದ್ದು ತಂದಿದ್ದಳು. ಲಾಬಾನನು ಏಳು ದಿನ ಬೆನ್ನಟ್ಟಿ ಗಿಲ್ಯಾದಿನ ಬೆಟ್ಟಸೀಮೆಯಲ್ಲಿ ಅವರನ್ನು ತಡೆದನು. ದೇವರು ಅವನನ್ನು ಕನಸಿನಲ್ಲಿ ಎಚ್ಚರಿಸದೆ ಇದ್ದಿದ್ದರೆ ಅಲ್ಲಿ ಏನಾಗುತ್ತಿತ್ತೋ!

ಮಾತಿಗೆ ಮಾತು ಬೆಳೆದರೂ ಕೊನೆಗೆ ಒಪ್ಪಂದವಾಯಿತು. ಕಲ್ಲುಗಳನ್ನು ಕೂಡಿಸಿ ಗುಡ್ಡೆ ಹಾಕಿದರು. ಲಾಬಾನನು ಅದನ್ನು ತನ್ನ ಅರಮಾಯಿಕ್ ಭಾಷೆಯಲ್ಲಿ 'ಯಗರಸಾಹದೂತ' ಎಂದರೆ, ಯಕೋಬನು ಹೀಬ್ರೂ ಭಾಷೆಯಲ್ಲಿ 'ಗಲೇದ್' ಎಂದನು. ಎರಡಕ್ಕೂ ಅರ್ಥ ಒಂದೇ: ಸಾಕ್ಷಿಯ ಗುಡ್ಡೆ. ಗಡಿನಾಡಿನಲ್ಲಿ ಎರಡು ಭಾಷೆಗಳ ನಡುವೆ ಬಾಳುವ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ನುಡಿ ಎರಡಾದರೂ ಕೊಟ್ಟ ಮಾತು ಒಂದೇ. ಆ ಸ್ಥಳಕ್ಕೇ ಮಿಚ್ಪಾ ಎಂಬ ಹೆಸರೂ ಬಂತು.

ಲಾಬಾನನು ಎರಡು ಷರತ್ತು ಹಾಕಿದನು. ಮೊದಲನೆಯದು: ನನ್ನ ಹೆಣ್ಣುಮಕ್ಕಳನ್ನು ಹಿಂಸಿಸಕೂಡದು, ಅವರಿರುವಾಗ ಬೇರೆ ಹೆಂಡಿರನ್ನು ತರಕೂಡದು, ನೋಡಲು ಯಾರೂ ಇಲ್ಲದಿದ್ದರೂ ದೇವರು ಸಾಕ್ಷಿಯಾಗಿದ್ದಾರೆ. ಎರಡನೆಯದು: ಕೇಡು ಮಾಡಲು ಇಬ್ಬರಲ್ಲಿ ಯಾರೂ ಈ ಗುಡ್ಡೆಯನ್ನು ದಾಟಕೂಡದು. ಗಮನಿಸಿ, ದಾಟಲೇಬಾರದು ಎಂದಲ್ಲ, ಕೇಡಿಗಾಗಿ ದಾಟಬಾರದು. ಸಮಾಧಾನದಿಂದ ಬರುವವನಿಗೆ ದಾರಿ ತೆರೆದೇ ಇತ್ತು. ಆಮೇಲೆ ಯಕೋಬನು ಬಲಿ ಅರ್ಪಿಸಿ ಎಲ್ಲರನ್ನೂ ಊಟಕ್ಕೆ ಕರೆದನು. ಬೆಳಗಾದಾಗ ಲಾಬಾನನು ಹೆಣ್ಣುಮಕ್ಕಳಿಗೂ ಮೊಮ್ಮಕ್ಕಳಿಗೂ ಮುತ್ತಿಟ್ಟು, ಹರಸಿ, ತನ್ನ ಊರಿಗೆ ಮರಳಿದನು.

ಇದೇ ಹೆಸರಿನ ಇನ್ನೊಂದು ಊರು ಬೆನ್ಯಾಮೀನ್ ಕುಲದ ಸೀಮೆಯಲ್ಲಿತ್ತು. ಸಮುವೇಲನು ಇಸ್ರಯೇಲರನ್ನು ಅಲ್ಲಿ ಕೂಡಿಸಿದಾಗ ಅವರು ಉಪವಾಸವಿದ್ದು ತಮ್ಮ ಪಾಪಗಳನ್ನು ಒಪ್ಪಿಕೊಂಡರು. ಕ್ರಿ.ಪೂ. 2ನೇ ಶತಮಾನದಲ್ಲಿ ಜೆರುಸಲೇಮಿನ ದೇವಾಲಯ ಅಪವಿತ್ರಗೊಂಡಾಗ ಯೂದ ಮಕ್ಕಬಿಯನೂ ಅವನ ಸಂಗಡಿಗರೂ ಪ್ರಾರ್ಥನೆಗೆ ನೆರೆದದ್ದೂ ಮಿಚ್ಪಾದಲ್ಲೇ. ದೇವರು ಕಾಯುತ್ತಾರೆ ಎಂದು ನಂಬುವವನು, ದೇವರು ತನ್ನನ್ನೂ ನೋಡುತ್ತಿದ್ದಾರೆ ಎಂಬುದನ್ನು ಮರೆಯಲಾರ.

ಪ್ರಿಯರೇ, ಎಲ್ಲ ಜಗಳಗಳೂ ಒಂದೇ ದಿನದಲ್ಲಿ ಪ್ರೀತಿಯಾಗಿ ಮಾರ್ಪಡುವುದಿಲ್ಲ. ಪಾಲಾಗಿ ಬೇರೆಯಾದ ಅಣ್ಣತಮ್ಮಂದಿರು, ಮುನಿಸಿಕೊಂಡ ಬೀಗರು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸಹೋದರನೊಡನೆ ಸಮಾಧಾನವಾಗಬೇಕೆಂದು ಯೇಸುಸ್ವಾಮಿ ಕಲಿಸಿದರು. ಅಷ್ಟು ದೂರ ಹೋಗಲು ಇಂದು ಮನಸ್ಸು ಬಾರದಿದ್ದರೆ ಮಿಚ್ಪಾದಿಂದಲೇ ಆರಂಭಿಸೋಣ: ಅವರಿಗೆ ಕೇಡು ಬಯಸುವುದಿಲ್ಲ, ಅವರ ಬೆನ್ನ ಹಿಂದೆ ಕೆಟ್ಟದ್ದನ್ನು ಆಡುವುದಿಲ್ಲ. ಹಾಗೆಯೇ, ನಮ್ಮ ಮನೆಗೆ ಬಂದ ಸೊಸೆಯನ್ನು ಕೇಳಲು ತವರಿನವರು ಹತ್ತಿರದಲ್ಲಿಲ್ಲದಿರಬಹುದು. ದೇವರು ಇದ್ದಾರೆ.