ಒಂದೇ ಕಸುಬು, ಎರಡು ದಡ

ಒಂದು ದೇಶದಲ್ಲಿ ಬೆಂದ ಮರ ಇನ್ನೊಂದು ದೇಶದಲ್ಲಿ ಕಾಗದವಾಗುತ್ತದೆ ಎಂದರೆ ನಂಬುವಿರಾ?

ಸೇಂಟ್ ಜಾನ್ ನದಿಯ ಉತ್ತರ ದಡದಲ್ಲಿ ಕೆನಡಾದ ಎಡ್ಮಂಡ್‌ಸ್ಟನ್, ದಕ್ಷಿಣ ದಡದಲ್ಲಿ ಅಮೆರಿಕದ ಮೇನ್ ರಾಜ್ಯದ ಮಡವಾಸ್ಕ. ಎಡ್ಮಂಡ್‌ಸ್ಟನ್ ಕಾರ್ಖಾನೆಯಲ್ಲಿ ಮರದ ಚೂರುಗಳನ್ನು ರಾಸಾಯನಿಕಗಳೊಡನೆ ಬೇಯಿಸಿ, ನಾರುಗಳನ್ನು ಅಂಟಿಸಿ ಹಿಡಿದಿರುವ ಲಿಗ್ನಿನ್ ಎಂಬ ವಸ್ತುವನ್ನು ಬೇರ್ಪಡಿಸುತ್ತಾರೆ. ಉಳಿದ ತಿರುಳು ನೀರಿನೊಡನೆ ಬೆರೆತು, ಕೊಳವೆಯ ಮೂಲಕ ನದಿ ದಾಟಿ ಮಡವಾಸ್ಕದ ಕಾಗದದ ಯಂತ್ರಗಳನ್ನು ಸೇರುತ್ತದೆ. 1925ರಲ್ಲಿ ಫ್ರೇಸರ್ ಕಂಪೆನಿ ಆಚೆ ದಡದಲ್ಲಿ ಕಾಗದ ತಯಾರಿಸತೊಡಗಿದ್ದು ಸುಂಕದ ಲೆಕ್ಕಾಚಾರದಿಂದ. ಅಮೆರಿಕಕ್ಕೆ ಬರುವ ಕಾಗದಕ್ಕೆ ಸುಂಕವಿತ್ತು, ತಿರುಳಿಗೆ ಇರಲಿಲ್ಲ! 2010ರಲ್ಲಿ ಈ ಕಾರ್ಖಾನೆಗಳು ಟ್ವಿನ್ ರಿವರ್ಸ್ ಕಂಪೆನಿಯ ಕೈಸೇರಿದವು.

ಇಲ್ಲಿ ದುಡಿಯುವವರಲ್ಲಿ ಬಹಳ ಮಂದಿ ಅಕೇಡಿಯನ್ನರು. 1755ರಿಂದ ಬ್ರಿಟಿಷರು ಇಂದಿನ ನೋವಾ ಸ್ಕೋಷಿಯಾದಿಂದ ಹೊರದಬ್ಬಿದ ಫ್ರೆಂಚ್ ರೈತರ ವಂಶಸ್ಥರಿವರು. ಅವರಲ್ಲಿ ಕೆಲವು ಕುಟುಂಬಗಳು 1785ರ ಸುಮಾರಿಗೆ ಈ ಕಣಿವೆಗೆ ಬಂದು ನೆಲೆಸಿದವು. 1842ರ ಒಪ್ಪಂದ ನದಿಯನ್ನೇ ಗಡಿಯಾಗಿಸಿದಾಗ ಬಂಧುಬಳಗ ಎರಡು ದೇಶಗಳಿಗೆ ಹಂಚಿಹೋಯಿತು.

ಕಾಗದದ ಯಂತ್ರಕ್ಕೆ ಹಗಲು ರಾತ್ರಿ ಎಂಬುದಿಲ್ಲ. ರಾತ್ರಿ ಪಾಳಿ ಮುಗಿಸಿದ ಅಪ್ಪ ಹಗಲು ಮಲಗಿದರೆ ಮಕ್ಕಳು ಸದ್ದಿಲ್ಲದೆ ಆಡಬೇಕು. ಅಪ್ಪನ ಕಾರ್ಖಾನೆಗೇ ಮಗನೂ ಸೇರುವುದು ಹಲವು ಮನೆಗಳ ವಾಡಿಕೆ. ಅಮೆರಿಕದ ದಡದಲ್ಲಿ ಆಲೂಗಡ್ಡೆ ಕೀಳುವ ಕಾಲಕ್ಕೆ ಶಾಲೆಗಳಿಗೆ ರಜೆಯೇ ಸಿಗುತ್ತಿತ್ತು. ಊಟಕ್ಕೆ ‘ಪ್ಲೋಯ್’ ಇರಲೇಬೇಕು. ಬಕ್‌ವೀಟ್ ಹಿಟ್ಟನ್ನು ಕಲಸಿ, ನಮ್ಮ ನೀರುದೋಸೆಯಂತೆ ಒಂದೇ ಬದಿ ಬೇಯಿಸುವ ತಿಂಡಿ ಇದು.

ಎರಡೂ ದಡಗಳ ಮನೆಮಾತು ಫ್ರೆಂಚ್. ಆದರೆ ಮೇನ್ ರಾಜ್ಯ 1919ರಲ್ಲಿ ಶಾಲೆಗಳ ಬೋಧನೆ ಇಂಗ್ಲಿಷಿನಲ್ಲೇ ನಡೆಯಬೇಕೆಂದು ಕಾನೂನು ಮಾಡಿತು. ಶಾಲೆಯಲ್ಲಿ ಫ್ರೆಂಚ್ ಆಡಿದ ಮಕ್ಕಳು ಶಿಕ್ಷೆಗೆ ಗುರಿಯಾದರು. 1969ರಲ್ಲಿ ಆ ಕಾನೂನೇನೋ ರದ್ದಾಯಿತು. ಅಷ್ಟರಲ್ಲಿ, ತಾವು ಉಂಡ ಅವಮಾನ ಮಕ್ಕಳಿಗೆ ಬೇಡವೆಂದು ಹಲವು ತಾಯ್ತಂದೆಯರು ಮನೆಯಲ್ಲೂ ಇಂಗ್ಲಿಷಿಗೆ ಹೊರಳಿದ್ದರು. ಅದೇ 1969ರಲ್ಲಿ, ಎಡ್ಮಂಡ್‌ಸ್ಟನ್ ಇರುವ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯ ಇಂಗ್ಲಿಷ್, ಫ್ರೆಂಚ್ ಎರಡಕ್ಕೂ ಅಧಿಕೃತ ಸ್ಥಾನ ನೀಡಿತು.

ಇಂದು ಎಡ್ಮಂಡ್‌ಸ್ಟನ್‌ನ ಮಕ್ಕಳು ಬೀದಿಯಲ್ಲಿ ಫ್ರೆಂಚ್ ಆಡುತ್ತಾರೆ, ಶಾಲೆಯಲ್ಲೂ ಅದರಲ್ಲೇ ಕಲಿಯುತ್ತಾರೆ. ಮಡವಾಸ್ಕದಲ್ಲಿ ಅಜ್ಜ ಅಜ್ಜಿಯರು ಆಡುವ ಫ್ರೆಂಚ್ ಎಷ್ಟೋ ಮೊಮ್ಮಕ್ಕಳಿಗೆ ಬಾರದು. ನದಿ ಒಂದೇ, ಕಸುಬು ಒಂದೇ, ಮನೆತನಗಳೂ ಅವೇ. ಬೇರೆಯಾಗಿದ್ದದ್ದು ಶಾಲೆ ಮಾತ್ರ.